ಕಾನೂನು ಕೇಳಿ: ಕೂಟ ನಮ್ಮೂರಿನದು, ವೀಡಿಯೊ ಯಾರದ್ದು?

ಪ್ರಶ್ನೆ: ನಮ್ಮೂರ ಭಜನಾ ಮಂದಿರದ ತಾಳಮದ್ದಳೆ ಕೂಟವನ್ನು (ವೇಷ, ಕುಣಿತ ಇಲ್ಲದ ಯಕ್ಷಗಾನ) ನಾನೇ ಕ್ಯಾಮೆರಾ ಇಟ್ಟು ಪೂರ್ತಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದ್ದೆ. ಸಮಿತಿಯವರು ಒಪ್ಪಿದ್ದರು. ಈಗ ಇನ್ನೊಂದು ಚಾನೆಲ್‌ನವರು ಅದೇ ವೀಡಿಯೊದ ಶುರುವಿನ ಭಾಗ ಕತ್ತರಿಸಿ ತೆಗೆದು, ತಮ್ಮ ಹೆಸರು ಅಂಟಿಸಿ ಹಾಕಿಕೊಂಡಿದ್ದಾರೆ. ಸಾಲದ್ದಕ್ಕೆ ಅದು ತಮ್ಮದೇ ಎಂದು ದೂರು ಕೊಟ್ಟು ನನ್ನ ವೀಡಿಯೊ ತೆಗೆಸಿದ್ದಾರೆ. ನನಗೇ ಯೂಟ್ಯೂಬಿನಿಂದ ಕಾಪಿರೈಟ್ ಸ್ಟ್ರೈಕ್ (ಎಚ್ಚರಿಕೆ) ಬಂದಿದೆ. ಏನು ಮಾಡಲಿ?
– ಓದುಗರು, ಬದಿಯಡ್ಕ

ಉತ್ತರ: ಮೊದಲು ಆ ಮೆಮೊರಿ ಕಾರ್ಡನ್ನು ಕ್ಯಾಮೆರಾದಿಂದ ತೆಗೆದು ಒಂದು ಲಕೋಟೆಯಲ್ಲಿ ಹಾಕಿಡಿ. ಇನ್ನು ಅದರಲ್ಲಿ ಬೇರೇನೂ ರೆಕಾರ್ಡ್ ಮಾಡಬೇಡಿ. ವಾಟ್ಸಾಪ್‌ನಲ್ಲಿ ಗೆಳೆಯರಿಗೆ ಕಳಿಸಿದ ಪ್ರತಿ ಇದೆಯಲ್ಲ ಅಂದುಕೊಳ್ಳಬೇಡಿ, ಅದು ಕುಗ್ಗಿಸಿದ ಪ್ರತಿ. ಅವರು ಕತ್ತರಿಸಿದ ಶುರುವಿನ ಭಾಗ ನಿಮ್ಮ ಮೂಲದಲ್ಲಿ ಇದೆ, ಅವರದ್ದರಲ್ಲಿ ಇಲ್ಲ. ಕೋರ್ಟಿಗೆ ಹೋಗಬೇಕಾಗಿ ಬಂದರೆ ನಿಮ್ಮ ಕೈ ಹಿಡಿಯುವುದು ಅದೇ. ಹೊಸ ಸಾಕ್ಷ್ಯ ಕಾಯ್ದೆಯ (2023ರ ಭಾರತೀಯ ಸಾಕ್ಷ್ಯ ಅಧಿನಿಯಮ) 63ನೇ ಸೆಕ್ಷನ್ ಪ್ರಕಾರ ಇಂಥ ಫೈಲಿನ ಜೊತೆಗೆ ಒಂದು ಸರ್ಟಿಫಿಕೇಟ್ ಕೊಡಬೇಕಾಗುತ್ತದೆ. ಅದನ್ನು ವಕೀಲರು ಮಾಡಿಸಿಕೊಡುತ್ತಾರೆ.

ಸ್ಟ್ರೈಕನ್ನು ಸುಮ್ನೆ ಬಿಡಬೇಡಿ. 90 ದಿನದೊಳಗೆ ಮೂರು ಬಂದರೆ ಚಾನೆಲ್ಲೇ ಹೋಗಬಹುದು. ಆ ದೂರು ತಪ್ಪು ಎಂದು ಯೂಟ್ಯೂಬಿಗೆ ಪ್ರತಿ ನೋಟಿಸ್ (ಕೌಂಟರ್ ನೋಟಿಫಿಕೇಶನ್) ಕೊಡುವ ದಾರಿ ಇದೆ. ಅದು ಹೋದ ಮೇಲೆ ದೂರು ಕೊಟ್ಟವರು 10 ಕೆಲಸದ ದಿನಗಳೊಳಗೆ ಕೋರ್ಟಿಗೆ ಹೋದದ್ದನ್ನು ತೋರಿಸಬೇಕು. ತೋರಿಸದಿದ್ದರೆ ವೀಡಿಯೊ ವಾಪಸ್ ಬರುತ್ತದೆ. ಒಂದು ಗೊತ್ತಿರಲಿ, ನೀವು ಬರೆದ ಹೆಸರು, ವಿಳಾಸ ಎಲ್ಲ ಆಚೆಯವರ ಕೈಗೂ ಹೋಗುತ್ತದೆ. ಸುಳ್ಳು ಒಂದಕ್ಷರ ಇರಬಾರದು.

ಸುಳ್ಳು ಇರಬಾರದು ಅಂದೆನಲ್ಲ, ಹಾಗಾಗಿ ಕೇಳುತ್ತೇನೆ. ಸಮಿತಿಯವರು ಒಪ್ಪಿದರು ಸರಿ. ಪದ್ಯ ಹಾಡಿದ ಭಾಗವತರನ್ನು ಕೇಳಿದ್ದೀರಾ? ಚೆಂಡೆ, ಮದ್ದಳೆಯವರನ್ನು? ಅರ್ಥ ಹೇಳಿದವರನ್ನು, ಅಂದರೆ ಪಾತ್ರವಾಗಿ ಮಾತಾಡಿದ ಅರ್ಥಧಾರಿಗಳನ್ನು?

ಕ್ಯಾಮೆರಾ ಇಟ್ಟು ಜವಾಬ್ದಾರಿ ಹೊತ್ತವರು ನೀವು, ಹಾಗಾಗಿ ಚಿತ್ರೀಕರಣದ ಹಕ್ಕು ನಿಮ್ಮದು. ಪ್ರಸಂಗದ (ಹಾಡುವ ಕಥೆಯ) ಪದ್ಯ ಹಳೆಯ ಕಾಲದ ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನದ್ದಾದರೆ ಅದಕ್ಕೆ ಯಾರ ಅಪ್ಪಣೆಯೂ ಬೇಡ. ಈಗಿನ ಕವಿಗಳ ಪ್ರಸಂಗವಾದರೆ ಅವರನ್ನು ಕೇಳಬೇಕು. ಇನ್ನು ಹಾಡಿದ, ಆಡಿದ ಕಲಾವಿದರಿಗೆ ಬೇರೆಯೇ ಹಕ್ಕಿದೆ. 1957ರ ಕಾಪಿರೈಟ್ ಕಾಯ್ದೆಯ 38ನೇ ಸೆಕ್ಷನ್‌ನಲ್ಲಿ ಅದು ಬಂದದ್ದು 1994ರ ತಿದ್ದುಪಡಿಯಲ್ಲಿ, ಗಟ್ಟಿಯಾದದ್ದು 2012ರಲ್ಲಿ. ಅವಧಿ 50 ವರ್ಷ. ಕಲಾವಿದರು ಯಾರು ಎಂದು ಹೇಳುವಾಗ ಕಾಯ್ದೆ ಹಾಡುವವರು, ಕುಣಿಯುವವರು, ಉಪನ್ಯಾಸ ಕೊಡುವವರ ಜೊತೆಗೆ ಹಾವಾಡಿಗರನ್ನೂ ಹೆಸರಿಸುತ್ತದೆ. ಹಾಗಿರುವಾಗ ಅರ್ಥಧಾರಿ ಹೊರಗೆ ಉಳಿಯುವುದು ಹೇಗೆ? ಬಾಯಿಪಾಠವಿಲ್ಲದೆ, ಎದುರಿನವರ ಮಾತಿಗೆ ಅಲ್ಲೇ ಮಾತು ಕಟ್ಟುವವರು ಅವರು. ಮನೆಯಲ್ಲಿ ಕೇಳಲಿಕ್ಕೆ ರೆಕಾರ್ಡ್ ಮಾಡಿಕೊಂಡರೆ ತಪ್ಪಿಲ್ಲ. ಜಾಹೀರಾತು ಬರುವ ಚಾನೆಲ್‌ಗೆ ಹಾಕುವುದು ಬೇರೆ ವಿಷಯ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನನ್ನ ಅಪ್ಪ ಅರ್ಥಧಾರಿ. ಒಂದು ಆಟಿ ತಿಂಗಳಲ್ಲಿ ನಮ್ಮ ಚಾವಡಿಯಲ್ಲಿ ಕೂಟ ಆಗಿತ್ತು. ಬಂದವರೊಬ್ಬರು ಟೇಪ್ ರೆಕಾರ್ಡರ್ ಇಟ್ಟಿದ್ದರು. ಆಮೇಲೆ ಅಪ್ಪನಿಗೂ ಒಂದು ಕ್ಯಾಸೆಟ್ ಕೊಟ್ಟರು. ಅದರ ಮೇಲೆ ಅಪ್ಪ ನೀಲಿ ಶಾಯಿಯಲ್ಲಿ 'ಕರ್ಣ, ಎರಡನೇ ಬದಿ' ಎಂದು ಬರೆದದ್ದು ಈಗಲೂ ಅಳಿಸಿಲ್ಲ. ಅಪ್ಪ ಹೋಗಿ ಕೆಲವು ವರ್ಷ ಆದ ಮೇಲೆ ಒಂದು ಚಾನೆಲ್‌ನಲ್ಲಿ ಅದೇ ಕರ್ಣ ಕೇಳಿಸಿತು. ಹೆಸರು ಮಾತ್ರ ಬೇರೆ ಯಾರದ್ದೋ. ಇದು ಅಪ್ಪನ ಸ್ವರ ಅಲ್ವಾ ಎಂದು ಅಮ್ಮನನ್ನು ಕೇಳಿದೆ. ಅಮ್ಮ ಮಾತಾಡಲಿಲ್ಲ, ಫೋನನ್ನು ಕಿವಿಗೆ ಹಿಡಿದು ಕೂತರು. ಸ್ವಲ್ಪ ಹೊತ್ತಿಗೆ ಮಾತಿನ ನಡುವೆ ಗೋಡೆ ಗಡಿಯಾರ ಹನ್ನೆರಡು ಹೊಡೆಯಿತು. 'ನಮ್ಮ ಗಡಿಯಾರ' ಅಂದರು. ಆ ಚಾನೆಲ್‌ನವರಿಗೆ ಕ್ಯಾಸೆಟ್ಟಿನ ಫೋಟೊ ಸಮೇತ ಪತ್ರ ಬರೆದೆ. ಹೆಸರು ಸರಿಯಾಗಲು ನಾಲ್ಕು ತಿಂಗಳು ಬೇಕಾಯಿತು.

ಹಾಗಾಗಿ ಈ ವಾರವೇ ಆ ಕಲಾವಿದರ ಮನೆಗಳಿಗೆ ಹೋಗಿ. 'ಇಂಥ ದಿನದ ಕೂಟದ ವೀಡಿಯೊವನ್ನು ಇಂಥ ಚಾನೆಲ್‌ನಲ್ಲಿ ಹಾಕಲು ನನ್ನ ಒಪ್ಪಿಗೆ ಇದೆ' ಎಂದು ಕನ್ನಡದಲ್ಲೇ ಬರೆಸಿ ಸಹಿ ತೆಗೆದುಕೊಳ್ಳಿ. ಹಣ ಬರುತ್ತಿದ್ದರೆ ಅವರಿಗೆಷ್ಟು ಎಂದೂ ಬರೆಯಿರಿ. ಆ ಕಾಗದ ಕೈಯಲ್ಲಿಟ್ಟುಕೊಂಡೇ ಪ್ರತಿ ನೋಟಿಸ್ ಕಳಿಸಿ. ನೀವೇ ದಾವೆ ಹಾಕುವುದಾದರೆ ಆಚೆಯವರ ಊರಿಗೆ ಓಡಬೇಕಾಗಿಲ್ಲ. ಕಾಪಿರೈಟ್ ದಾವೆಯನ್ನು ನೀವು ವಾಸ ಇರುವ ಜಿಲ್ಲೆಯ ಕೋರ್ಟಿನಲ್ಲೇ ಹಾಕಬಹುದು.

ಪ್ರಶ್ನೆ: ಆರು ವರ್ಷದಿಂದ ಹಲಸಿನ ಹಪ್ಪಳ ಮಾಡಿ ಇನ್‌ಸ್ಟಾಗ್ರಾಮ್‌ನಲ್ಲಿ ಮಾರುತ್ತಿದ್ದೇನೆ. ನನ್ನ ಅಜ್ಜಿಯ ಹೆಸರನ್ನೇ ಇಟ್ಟಿದ್ದೇನೆ. ಈಗ ಬೇರೊಬ್ಬರು ಅದೇ ಹೆಸರಿನಲ್ಲಿ ಹಪ್ಪಳ ತಂದು, ಟ್ರೇಡ್‌ಮಾರ್ಕಿಗೂ ಅರ್ಜಿ ಹಾಕಿದ್ದಾರಂತೆ. ನನ್ನದು ರಿಜಿಸ್ಟರ್ ಆಗಿಲ್ಲ.
– ಓದುಗರು, ಪೆರ್ಲ

ಉತ್ತರ: ಹೆದರಬೇಡಿ ಅಕ್ಕ. ಮೊದಲು ಬಳಸಿದವರಿಗೆ ನಮ್ಮ ಕಾನೂನು ಬೆಲೆ ಕೊಡುತ್ತದೆ. ಅರ್ಜಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ದಿನದಿಂದ ನಾಲ್ಕು ತಿಂಗಳೊಳಗೆ ಆಕ್ಷೇಪ ಹಾಕಬಹುದು. ಆ ದಿನ ತಪ್ಪಿಸಬೇಡಿ. ನಮ್ಮ ಕಡೆಯ ಕಚೇರಿ ಚೆನ್ನೈಯಲ್ಲಿದೆ, ಆದರೆ ಎಲ್ಲವೂ ಆನ್‌ಲೈನ್‌ನಲ್ಲಿ ಆಗುತ್ತದೆ. ಜೊತೆಗೆ ನಿಮ್ಮ ಅರ್ಜಿಯನ್ನೂ ಹಾಕಿ. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಒಂದು ವರ್ಗಕ್ಕೆ (ಸರಕಿನ ವಿಧಕ್ಕೆ) ಹಾಕಿದರೆ ಶುಲ್ಕ 4,500 ರೂಪಾಯಿ. ಸಿಕ್ಕಿದರೆ 10 ವರ್ಷಕ್ಕೆ, ಆಮೇಲೆ ನವೀಕರಿಸಬಹುದು. 'ಹಲಸಿನ ಹಪ್ಪಳ' ಎಂಬ ಮಾತು ಎಲ್ಲರದ್ದು, ಅದನ್ನು ಹಿಡಿಯಲು ಹೋಗಬೇಡಿ. ಅಜ್ಜಿಯ ಹೆಸರನ್ನು ಹಿಡಿಯಿರಿ.

ಆರು ವರ್ಷ ಎಂದು ಬಾಯಲ್ಲಿ ಹೇಳಿದರೆ ಸಾಲದು. ಮೊದಲ ವರ್ಷದ ಲೇಬಲ್, ಪ್ರೆಸ್ಸಿನವರು ಕೊಟ್ಟ ಬಿಲ್, ಪಾರ್ಸೆಲ್ ಕಳಿಸಿದ ರಸೀದಿ, ಹಳೇ ಪೋಸ್ಟ್‌ಗಳ ತಾರೀಕು, ಎಲ್ಲ ಒಂದು ಫೈಲಿಗೆ ಹಾಕಿ. ವಕೀಲರ ಖರ್ಚು ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಅಲ್ಲಿ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಕೇಳುವ ಹಕ್ಕಿದೆ.

ಪ್ರಶ್ನೆ: ಶಾಲೆಯ ಮಕ್ಕಳಿಂದ ಗೋವಿಂದ ಪೈಗಳ ಪದ್ಯ ಹಾಡಿಸಿ ಯೂಟ್ಯೂಬಿಗೆ ಹಾಕಬಹುದಾ?
– ಶಿಕ್ಷಕಿ, ಮಂಜೇಶ್ವರ

ಉತ್ತರ: ಖಂಡಿತ ಹಾಕಿ. ಪೈಗಳು ತೀರಿಕೊಂಡದ್ದು 1963ರಲ್ಲಿ. ಲೇಖಕರು ಹೋದ ಮೇಲೆ 60 ವರ್ಷ ಎಂಬ ಲೆಕ್ಕದಲ್ಲಿ ಅವರ ಕಾಲದಲ್ಲೇ ಅಚ್ಚಾದ ಪದ್ಯಗಳು 2024ರ ಜನವರಿ 1ರಿಂದ ಎಲ್ಲರವೂ ಆಗಿವೆ. ಅವರ ನಂತರ ಮೊದಲ ಸಲ ಅಚ್ಚಾದವುಗಳಿಗೆ ಅಚ್ಚಾದ ವರ್ಷದಿಂದ ಲೆಕ್ಕ. ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಪದ್ಯವಾದರೆ ಮನೆಯವರನ್ನು ಕೇಳಬೇಕು, ಅವರು ಹೋದದ್ದು 2015ರಲ್ಲಿ. ಈಗಿನವರು ಹಾಕಿದ ರಾಗ ಬಳಸಬೇಡಿ, ನೀವೇ ಒಂದು ಕಟ್ಟಿ. ವೀಡಿಯೊದ ಕೆಳಗೆ ಕವಿಯ ಹೆಸರು ಬರೆಯಿರಿ. ಮಕ್ಕಳ ಮನೆಯವರ ಒಪ್ಪಿಗೆಯೂ ಕಾಗದದಲ್ಲಿ ಇರಲಿ.