ಪರದೆ ಆರಿದಾಗ ಟೈಮರ್ ಹಿಂದೆ ಬೀಳುವ ಸಮಸ್ಯೆ: ಫೋನ್‌ಗೂ ವಾಚ್‌ಗೂ ಸೇರಿಸಿ ಉತ್ತರ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: 40 ಸೆಕೆಂಡ್ ವ್ಯಾಯಾಮ, 20 ಸೆಕೆಂಡ್ ವಿಶ್ರಾಂತಿ, ಹೀಗೆ 10 ಸುತ್ತು ಎಣಿಸುವ ಆ್ಯಪ್. ಫೋನ್‌ನಲ್ಲಿ ಅರ್ಧ ನಿಮಿಷಕ್ಕೇ ಪರದೆ ಆರುತ್ತೆ, ವೇಕ್ ಲಾಕ್ (ಫೋನ್ ನಿದ್ದೆಗೆ ಹೋಗದಂತೆ ತಡೆಯುವ ಬೀಗ) ಹಾಕಿದರೂ ಆರುತ್ತೆ. ವಾಚ್‌ನಲ್ಲಿ ಕೈ ಇಳಿಸಿ ಎತ್ತಿದರೆ ವಾಚ್ ಫೇಸ್ ಬಂದಿರುತ್ತೆ, ಆ್ಯಪ್ ಮತ್ತೆ ತೆರೆದರೆ ಎಣಿಕೆ ಹಿಂದೆ ಬಿದ್ದಿರುತ್ತೆ, ಕೆಲವೊಮ್ಮೆ ಮೊದಲಿಂದ ಶುರುವಾಗುತ್ತೆ. "ಪರದೆ ಆನ್ ಇಡೋದು ಹೇಗೆ" ಅಂತ ಒಂದೇ ಪ್ರಶ್ನೆ ಕೇಳಿದ್ದೀರಿ. ಒಳಗೆ ನಾಲ್ಕಿವೆ: ಪರದೆ ಬೆಳಗುತ್ತಿರಬೇಕೇ, ನಮ್ಮ ಆ್ಯಪ್ ಮುಂದೆ ಇರಬೇಕೇ, ಪ್ರೊಸೆಸರ್ ಎಚ್ಚರ ಇರಬೇಕೇ, ಪರದೆ ಮಂಕಾದಾಗ ಏನು ಕಾಣಬೇಕು. ಇವುಗಳಿಗೆ ಬೇರೆ ಬೇರೆ ಬೀಗ, ಬೇರೆ ಬೇರೆ ಕೀಲಿ. ಒಂದರ ಕೀಲಿ ಇನ್ನೊಂದಕ್ಕೆ ಹಾಕಿ ತಿರುಗಿಸಿದ್ದೇ ನಿಮ್ಮ ತೊಂದರೆ.

(ಎಪಿಐ ಹೆಸರುಗಳನ್ನೆಲ್ಲ, ಅಂದರೆ ಸಿಸ್ಟಮ್‌ಗೆ ಆ್ಯಪ್ ಕೊಡುವ ಆದೇಶಗಳ ಹೆಸರುಗಳನ್ನೆಲ್ಲ, ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಎಡಿಟರ್‌ನಲ್ಲಿ ಮೊದಲ ನಾಲ್ಕು ಅಕ್ಷರ ಹೊಡೆದರೆ ಉಳಿದದ್ದು ಅದೇ ತೋರಿಸುತ್ತೆ.)

ಮೊದಲು ಎಣಿಕೆ ಸರಿ ಮಾಡಿ, ಪರದೆ ಆಮೇಲೆ. ನಿಮ್ಮ ಕೋಡ್ ಪ್ರತಿ ಸೆಕೆಂಡಿಗೆ ಒಂದು ಕಳೆಯುತ್ತಿದೆ. ಹೊತ್ತು ಬಿಟ್ಟು ಕೋಡ್ ಓಡಿಸುವ, ಆಂಡ್ರಾಯ್ಡ್‌ನ ಹ್ಯಾಂಡ್ಲರ್‌ನ ಪೋಸ್ಟ್‌ಡಿಲೇಡ್ ನಂಬಿರೋದು ಅಪ್‌ಟೈಮ್‌ಮಿಲಿಸ್ ಅನ್ನೋ ಗಡಿಯಾರವನ್ನು. ಪ್ರೊಸೆಸರ್ ಗಾಢ ನಿದ್ದೆಗೆ ಹೋದರೆ ಆ ಗಡಿಯಾರವೂ ನಿಲ್ಲುತ್ತೆ. ಹಾಗಾಗಿ 20 ಸೆಕೆಂಡ್ ನಿದ್ದೆ ಮಾಡಿ ಎದ್ದರೆ ಟೈಮರ್‌ಗೆ ಆ 20 ಸೆಕೆಂಡ್ ಆಗಿಯೇ ಇಲ್ಲ. ಕರೆಂಟ್‌ಟೈಮ್‌ಮಿಲಿಸ್ ಬಳಸೋಣ ಅಂದರೆ, ನೆಟ್‌ವರ್ಕ್‌ನಿಂದ ಸಮಯ ಸರಿಹೊಂದಿದಾಗ ಅದು ಹಿಂದಕ್ಕೋ ಮುಂದಕ್ಕೋ ಜಿಗಿಯುತ್ತೆ. ಬೇಕಾದದ್ದು ಸಿಸ್ಟಮ್‌ಕ್ಲಾಕ್‌ನ ಎಲಾಪ್ಸ್ಡ್‌ರಿಯಲ್‌ಟೈಮ್. ನಿದ್ದೆಯ ಹೊತ್ತನ್ನೂ ಎಣಿಸುತ್ತೆ, ಯಾರು ಸಮಯ ಬದಲಿಸಿದರೂ ಕದಲೋದಿಲ್ಲ. ಫೋನ್ ರೀಬೂಟ್ ಆದರೆ ಮಾತ್ರ ಸೊನ್ನೆಗೆ ಹೋಗುತ್ತೆ. ಐಫೋನ್‌ನಲ್ಲೂ ಇದೇ ಹೊಂಡ ಇದೆ: ಸಿಎ‌ಕರೆಂಟ್‌ಮೀಡಿಯಾಟೈಮ್ ನಿದ್ದೆಯಲ್ಲಿ ನಿಲ್ಲುತ್ತೆ. ಸ್ವಿಫ್ಟ್‌ನಲ್ಲಿ ಸಸ್ಪೆಂಡಿಂಗ್‌ಕ್ಲಾಕ್ ಬಿಟ್ಟು ಕಂಟಿನ್ಯುಯಸ್‌ಕ್ಲಾಕ್ ಹಿಡಿಯಿರಿ, ಐಒಎಸ್ 16ರಿಂದ ಇದೆ.

ಉಳಿಸಿಡಬೇಕಾದದ್ದು ಶುರುವಾದ ಕ್ಷಣ ಒಂದೇ. ಉಳಿದದ್ದೆಲ್ಲ ಲೆಕ್ಕದಿಂದ ಬರುತ್ತೆ. ಶುರುವಾಗಿ 475 ಸೆಕೆಂಡ್ ಆಗಿದೆ ಅನ್ನಿ. 60ರಿಂದ ಭಾಗಿಸಿದರೆ 7, ಅಂದರೆ 8ನೇ ಸುತ್ತು. ಶೇಷ 55. ಅದು 40 ದಾಟಿರೋದರಿಂದ ವಿಶ್ರಾಂತಿ, ಇನ್ನು 5 ಸೆಕೆಂಡ್ ಬಾಕಿ. ಪರದೆ ಎಷ್ಟು ಸಲ ಆರಿ ಹತ್ತಿದರೂ ಉತ್ತರ ಅದೇ. ಮಧ್ಯೆ ನಿಲ್ಲಿಸಿದರೆ, ನಿಂತ ಅವಧಿಯನ್ನು ಶುರುವಿನ ಕ್ಷಣಕ್ಕೆ ಕೂಡಿಸಿ ಮುಂದಕ್ಕೆ ತಳ್ಳಿ. ಈ ಸಂಖ್ಯೆಯನ್ನು ಸೇವ್ಡ್‌ಸ್ಟೇಟ್‌ಹ್ಯಾಂಡಲ್‌ನಲ್ಲಿಟ್ಟರೆ ಪರದೆ ತಿರುಗಿ ಆ್ಯಕ್ಟಿವಿಟಿ (ಆ್ಯಪ್‌ನ ಪುಟ) ಹೊಸದಾಗಿ ಹುಟ್ಟಿದರೂ, ಹಿನ್ನೆಲೆಯಲ್ಲಿ ಸಿಸ್ಟಮ್ ಪ್ರೊಸೆಸ್ ಕೊಂದರೂ ಉಳಿಯುತ್ತೆ. "ಮೊದಲಿಂದ ಶುರು" ಅನ್ನೋ ದೂರು ಇಲ್ಲಿಗೇ ಮುಗೀತು.

ಇನ್ನು ಆಂಡ್ರಾಯ್ಡ್ ಫೋನ್‌ನ ಪರದೆ. ನೀವು ಹಾಕಿರೋದು ಪಾರ್ಷಿಯಲ್ ವೇಕ್ ಲಾಕ್. ಅದು ಪ್ರೊಸೆಸರನ್ನು ಎಚ್ಚರ ಇಡುತ್ತೆ, ಪರದೆಯ ಗೊಡವೆಗೇ ಹೋಗೋದಿಲ್ಲ. ಪರದೆ ಬೆಳಗಿಸುವ ಹಳೇ ವೇಕ್ ಲಾಕ್‌ಗಳನ್ನು, ಅಂದರೆ ಫುಲ್, ಸ್ಕ್ರೀನ್ ಬ್ರೈಟ್, ಸ್ಕ್ರೀನ್ ಡಿಮ್ ಮೂರನ್ನೂ, ಎಪಿಐ 17ರ (ಆಂಡ್ರಾಯ್ಡ್‌ನ ಆವೃತ್ತಿ ಸಂಖ್ಯೆ) ಹೊತ್ತಿಗೇ ಕೈಬಿಟ್ಟಾಗಿದೆ. ಹಳೇ ಉತ್ತರಗಳಿಂದ ನಕಲು ಮಾಡಬೇಡಿ. ಈಗ ಬಳಸೋದು ವಿಂಡೋ ಮೇಲಿನ ಫ್ಲ್ಯಾಗ್ ಕೀಪ್ ಸ್ಕ್ರೀನ್ ಆನ್, ಇಲ್ಲವೇ ವ್ಯೂ ಮೇಲಿನ ಕೀಪ್‌ಸ್ಕ್ರೀನ್‌ಆನ್. ಅನುಮತಿ ಬೇಡ. ಬೇರೆ ಆ್ಯಪ್ ಮುಂದೆ ಬಂದ ಕೂಡಲೇ ಇದರ ಪರಿಣಾಮ ತಾನಾಗಿ ನಿಲ್ಲುತ್ತೆ, ಬಿಡುಗಡೆ ಮಾಡೋದು ಮರೆತು ಬ್ಯಾಟರಿ ತಿನ್ನುವ ಭಯ ಇಲ್ಲ. ಪವರ್ ಬಟನ್ ಒತ್ತಿದರೆ ಪರದೆ ಆರಿಯೇ ಆರುತ್ತೆ. ಅದನ್ನು ತಡೆಯೋಕೆ ಹೋಗಬೇಡಿ, ತಡೆಯಲೂಬಾರದು.

ಇದರಲ್ಲಿ ಜನ ಮಾಡುವ ತಪ್ಪು ಒಂದೇ ಥರದ್ದು: ಪುಟ ಹುಟ್ಟುವಾಗ ಓಡುವ ಆನ್‌ಕ್ರಿಯೇಟ್‌ನಲ್ಲಿ ಫ್ಲ್ಯಾಗ್ ಹಾಕಿ ಮರೆತುಬಿಡೋದು. ಆಗ ಟೈಮರ್ ನಿಲ್ಲಿಸಿ ಫೋನನ್ನು ಮೇಜಿನ ಮೇಲಿಟ್ಟು ಹೋದರೂ ಪರದೆ ಉರಿಯುತ್ತಲೇ ಇರುತ್ತೆ. ಫ್ಲ್ಯಾಗನ್ನು ಪರದೆಗಲ್ಲ, ಟೈಮರ್‌ನ ಸ್ಥಿತಿಗೆ ಕಟ್ಟಿ. ಓಡುತ್ತಿದ್ದರೆ ಹಾಕಿ, ನಿಂತರೆ ತೆಗೆಯಿರಿ. ಆಂಡ್ರಾಯ್ಡ್ ಪುಟ ಕಟ್ಟುವ ಕಾಂಪೋಸ್‌ನಲ್ಲಾದರೆ ಡಿಸ್ಪೋಸಬಲ್‌ಎಫೆಕ್ಟ್‌ಗೆ ಟೈಮರ್ ಓಡುತ್ತಿದೆಯೇ ಅನ್ನೋ ಮೌಲ್ಯವನ್ನು ಕೀ ಆಗಿ ಕೊಟ್ಟು, ಲೋಕಲ್‌ವ್ಯೂ ಮೇಲೆ ಕೀಪ್‌ಸ್ಕ್ರೀನ್‌ಆನ್ ಬದಲಿಸಿ, ಆನ್‌ಡಿಸ್ಪೋಸ್‌ನಲ್ಲಿ ಸುಳ್ಳು ಮಾಡಿ. ಒಂದೇ ವ್ಯೂ ಮೇಲೆ ಎರಡು ಕಡೆಯಿಂದ ಇದನ್ನು ಮಾಡಿದರೆ ಮಾತ್ರ, ಒಂದು ಕಡೆಯ ಆನ್‌ಡಿಸ್ಪೋಸ್ ಇನ್ನೊಂದು ಹಾಕಿದ್ದನ್ನು ತೆಗೆದುಬಿಡುತ್ತೆ. ಸಣ್ಣ ಡೈಲಾಗ್ ಮುಚ್ಚಿದ ಮೇಲೆ ಪರದೆ ಆರೋಕೆ ಶುರುವಾಯಿತು ಅನ್ನುವವರು ಇದನ್ನೇ ನೋಡಿ. ನಿಯಂತ್ರಣ ಒಂದೇ ಜಾಗದಲ್ಲಿರಲಿ.

ಅರ್ಧ ಗಂಟೆಗಿಂತ ಹೆಚ್ಚು ಓಡುವ ಟೈಮರ್ ಆದರೆ ಪೂರ್ತಿ ಬೆಳಕು ವ್ಯರ್ಥ. ವಿಂಡೋದ ಲೇಔಟ್‌ಪ್ಯಾರಮ್ಸ್‌ನಲ್ಲಿ ಸ್ಕ್ರೀನ್‌ಬ್ರೈಟ್‌ನೆಸ್ 0ರಿಂದ 1ರವರೆಗೆ ಹೋಗುತ್ತೆ, -1 ಅಂದರೆ ಬಳಕೆದಾರರ ಸೆಟ್ಟಿಂಗ್. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ 0.1ಕ್ಕೆ ಇಳಿಸಿ, ಮುಟ್ಟಿದಾಗ -1ಕ್ಕೆ ಮರಳಿಸಿ. ಇದು ನಿಮ್ಮ ವಿಂಡೋಗೆ ಮಾತ್ರ ಅನ್ವಯ. ಬೀಗ ಹಾಕಿದ ಫೋನ್‌ನ ಮೇಲೂ ಟೈಮರ್ ಕಾಣಬೇಕಾದರೆ ಎಪಿಐ 27ರಿಂದ ಸೆಟ್‌ಶೋ‌ವೆನ್‌ಲಾಕ್ಡ್ ಮತ್ತು ಸೆಟ್‌ಟರ್ನ್‌ಸ್ಕ್ರೀನ್‌ಆನ್ ಇವೆ. ಆ ಪುಟದಲ್ಲಿ ನಿಲ್ಲಿಸು, ಮುಂದುವರಿಸು ಬಿಟ್ಟು ಬೇರೇನೂ ಇಡಬೇಡಿ. ಬೀಗ ತೆರೆಯದವರ ಕೈಗೆ ಸಿಗುವ ಪುಟ ಅದು.

ಪರದೆ ಆರಿದ ಮೇಲೂ 40ನೇ ಸೆಕೆಂಡಿಗೆ ವೈಬ್ರೇಷನ್ ಬರಬೇಕಲ್ಲ, ಅದು ಮೂರನೇ ಪ್ರಶ್ನೆ. ಇಲ್ಲಿ ಅಲಾರಂಮ್ಯಾನೇಜರ್ ಹೊಂದೋದಿಲ್ಲ. ಫೋನ್ ಡೋಜ್‌ನಲ್ಲಿದ್ದಾಗ, ಅಂದರೆ ಬ್ಯಾಟರಿ ಉಳಿಸುವ ನಿದ್ದೆಯಲ್ಲಿದ್ದಾಗ, ಸೆಟ್‌ಎಕ್ಸಾಕ್ಟ್‌ಆ್ಯಂಡ್‌ಅಲೋವೈಲ್‌ಐಡಲ್ ಕೂಡ ಒಂದು ಆ್ಯಪ್‌ಗೆ ಸುಮಾರು 9 ನಿಮಿಷಕ್ಕೊಮ್ಮೆ ಮಾತ್ರ ಸಿಗುತ್ತೆ. ಅದರ ಮೇಲೆ ಆಂಡ್ರಾಯ್ಡ್ 14ರಲ್ಲಿ ಹೊಸದಾಗಿ ಹಾಕಿಕೊಂಡ ಹೆಚ್ಚಿನ ಆ್ಯಪ್‌ಗಳಿಗೆ ನಿಖರ ಅಲಾರಂನ ಅನುಮತಿ ತಾನಾಗಿ ಬರೋದಿಲ್ಲ. 20 ಸೆಕೆಂಡಿನ ಅಂತರಕ್ಕೆ, ನೋಟಿಫಿಕೇಷನ್ ತೋರಿಸುತ್ತಾ ಹಿನ್ನೆಲೆಯಲ್ಲಿ ಓಡುವ ಫೋರ್‌ಗ್ರೌಂಡ್ ಸರ್ವೀಸ್ ಮತ್ತು ಪಾರ್ಷಿಯಲ್ ವೇಕ್ ಲಾಕ್ ಜೋಡಿಯೇ ಸರಿ. ವೇಕ್ ಲಾಕ್ ಹಿಡಿಯುವ ಅಕ್ವೈರ್‌ಗೆ ಅವಧಿ ಕೊಡದೆ ಬಿಡಬೇಡಿ: ನಿಮ್ಮ 10 ಸುತ್ತಿಗೆ 600 ಸೆಕೆಂಡ್, ಒಂದು ನಿಮಿಷ ಹೆಚ್ಚುವರಿ ಸೇರಿಸಿ 6,60,000 ಮಿಲಿಸೆಕೆಂಡ್. ಮಧ್ಯೆ ನಿಲ್ಲಿಸಿದರೆ ಬಿಡುಗಡೆ ಮಾಡಿ, ಮುಂದುವರಿಸುವಾಗ ಬಾಕಿ ಇರುವಷ್ಟಕ್ಕೇ ಮತ್ತೆ ಹಿಡಿಯಿರಿ. ಆಂಡ್ರಾಯ್ಡ್ 14ನ್ನು ಗುರಿ ಮಾಡಿದ ಆ್ಯಪ್‌ನಲ್ಲಿ ಸರ್ವೀಸ್‌ನ ಬಗೆ ಹೇಳಲೇಬೇಕು. ವ್ಯಾಯಾಮಕ್ಕೆ ಹೆಲ್ತ್ ಬಗೆ. ಅದಕ್ಕೆ ಫೋರ್‌ಗ್ರೌಂಡ್ ಸರ್ವೀಸ್ ಹೆಲ್ತ್ ಅನುಮತಿಯ ಜೊತೆಗೆ, ಹೈ ಸ್ಯಾಂಪ್ಲಿಂಗ್ ರೇಟ್ ಸೆನ್ಸರ್ಸ್ ಅನುಮತಿ ಮ್ಯಾನಿಫೆಸ್ಟ್‌ನಲ್ಲಿ (ಆ್ಯಪ್ ತನ್ನ ಅನುಮತಿಗಳನ್ನು ಘೋಷಿಸುವ ಫೈಲ್) ಇರಬೇಕು, ಇಲ್ಲವೇ ಚಟುವಟಿಕೆ ಗುರುತಿಸುವ ಅನುಮತಿಯನ್ನು ಬಳಕೆದಾರರು ಕೊಟ್ಟಿರಬೇಕು. ಇಲ್ಲದಿದ್ದರೆ ಸ್ಟಾರ್ಟ್‌ಫೋರ್‌ಗ್ರೌಂಡ್ ಕರೆದ ಕ್ಷಣವೇ ಸೆಕ್ಯುರಿಟಿ ಎಕ್ಸೆಪ್ಷನ್.

ಐಫೋನ್‌ನಲ್ಲಿ ಪರದೆಯ ಕೀಲಿ ಯುಐಅಪ್ಲಿಕೇಷನ್‌ನ ಈಸ್‌ಐಡಲ್‌ಟೈಮರ್‌ಡಿಸೇಬಲ್ಡ್. ಇಡೀ ಆ್ಯಪ್‌ಗೆ ಒಂದೇ ಸ್ವಿಚ್, ಹಾಗಾಗಿ ಟೈಮರ್ ಪುಟ ಬಿಟ್ಟು ಹೋಗುವಾಗ ಸುಳ್ಳು ಮಾಡಲೇಬೇಕು. ಬೆಳಕು ಇಳಿಸುವ ತಂತ್ರ ಇಲ್ಲಿ ಅಪಾಯದ್ದು: ಆ್ಯಪ್ ಬದಲಿಸಿದ ಬ್ರೈಟ್‌ನೆಸ್, ಆ್ಯಪ್ ಮುಚ್ಚಿದ ಮೇಲೂ ಫೋನ್ ಲಾಕ್ ಆಗುವವರೆಗೆ ಹಾಗೇ ಉಳಿಯುತ್ತೆ. ಮೊದಲಿನ ಮೌಲ್ಯ ನೆನಪಿಟ್ಟು ಮರಳಿಸದಿದ್ದರೆ "ಫೋನ್ ಕೆಟ್ಟಿದೆ" ಅಂತ ದೂರು ಬರುತ್ತೆ.

ಈಗ ವಾಚ್. ಇಲ್ಲಿ ಫೋನ್‌ನ ಬುದ್ಧಿ ಬಿಡಬೇಕು. ಗೂಗಲ್‌ನ ವಾಚ್ ವ್ಯವಸ್ಥೆಯಾದ ವೇರ್ ಒಎಸ್‌ನಲ್ಲೂ ಫ್ಲ್ಯಾಗ್ ಕೀಪ್ ಸ್ಕ್ರೀನ್ ಆನ್ ಕೆಲಸ ಮಾಡುತ್ತೆ, ಆದರೆ ಪುಟ್ಟ ಬ್ಯಾಟರಿಯ ಮೇಲೆ ಪೂರ್ತಿ ಬೆಳಕಿನ ಪರದೆ ಅಂದರೆ ವಾಚನ್ನು ಬೇಗ ಚಾರ್ಜರ್‌ಗೆ ಕಳಿಸಿದ ಹಾಗೆ. ಸರಿಯಾದ ದಾರಿ ಆ್ಯಂಬಿಯೆಂಟ್ ಸ್ಥಿತಿ, ಅಂದರೆ ಆರದೆ ಮಂಕಾಗಿ ಉಳಿಯುವ ಪರದೆ. ಹಳೇ ಆ್ಯಂಬಿಯೆಂಟ್‌ಮೋಡ್‌ಸಪೋರ್ಟ್ ಬಿಟ್ಟು ಆ್ಯಂಬಿಯೆಂಟ್‌ಲೈಫ್‌ಸೈಕಲ್‌ಅಬ್ಸರ್ವರ್ ಬಳಸಿ. ವೇಕ್ ಲಾಕ್ ಅನುಮತಿ ಮ್ಯಾನಿಫೆಸ್ಟ್‌ಗೆ ಸೇರಿಸಿ, ಅಬ್ಸರ್ವರನ್ನು ಆ್ಯಕ್ಟಿವಿಟಿಯ ಲೈಫ್‌ಸೈಕಲ್‌ಗೆ ಜೋಡಿಸಿ. ಮೂರು ಕರೆ ಬರುತ್ತೆ: ಮಂಕಾದಾಗ ಆನ್‌ಎಂಟರ್‌ಆ್ಯಂಬಿಯೆಂಟ್, ಸುಮಾರು ನಿಮಿಷಕ್ಕೊಮ್ಮೆ ಆನ್‌ಅಪ್‌ಡೇಟ್‌ಆ್ಯಂಬಿಯೆಂಟ್, ಎಚ್ಚರವಾದಾಗ ಆನ್‌ಎಗ್ಸಿಟ್‌ಆ್ಯಂಬಿಯೆಂಟ್.

ನಿಮಿಷಕ್ಕೊಮ್ಮೆ ಮಾತ್ರ ಬರೆಯಲು ಅವಕಾಶ ಅಂದ ಮೇಲೆ ಮಂಕು ಪರದೆಯಲ್ಲಿ ಸೆಕೆಂಡ್ ತೋರಿಸಬೇಡಿ. 04:37 ಅಂತ ಒಂದು ನಿಮಿಷ ಅಲ್ಲಾಡದೆ ನಿಂತರೆ ನೋಡುವವರಿಗೆ ಆ್ಯಪ್ ಸತ್ತಿದೆ ಅನಿಸುತ್ತೆ. "8ನೇ ಸುತ್ತು, 2 ನಿಮಿಷ ಬಾಕಿ" ಸಾಕು. 40 ಸೆಕೆಂಡ್ ಮುಗಿದದ್ದನ್ನು ಕಣ್ಣಿಗಲ್ಲ, ಮಣಿಕಟ್ಟಿಗೆ ತಿಳಿಸಿ. ನಿಜ ಹೇಳಬೇಕೆಂದರೆ ಈ ಆ್ಯಪ್‌ಗೆ ವಾಚ್‌ನಲ್ಲಿ ಪರದೆಗಿಂತ ವೈಬ್ರೇಷನ್ನೇ ಮುಖ್ಯ. ಪುಷ್‌ಅಪ್ ಮಾಡುತ್ತಾ ಯಾರು ವಾಚ್ ನೋಡುತ್ತಾರೆ?

ಮಂಕು ಪರದೆ ಬರೆಯುವಾಗ ಹಿನ್ನೆಲೆ ಪೂರ್ತಿ ಕಪ್ಪು. ಒಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಉರಿಯುತ್ತೆ, ಉರಿದಷ್ಟೂ ಸವೆಯುತ್ತೆ. ಒಂದೇ ಜಾಗ ಸದಾ ಉರಿದರೆ ಅಲ್ಲಿ ಅಚ್ಚು ಬೀಳುತ್ತೆ, ಇದೇ ಬರ್ನ್‌ಇನ್. ಕರೆಯ ಜೊತೆ ಬರುವ ಆ್ಯಂಬಿಯೆಂಟ್‌ಡೀಟೇಲ್ಸ್‌ನಲ್ಲಿ ಎರಡು ಮಾಹಿತಿ ಇರುತ್ತೆ. ಬರ್ನ್‌ಇನ್ ರಕ್ಷಣೆ ಬೇಕು ಅಂದರೆ ದಪ್ಪ ತುಂಬಿದ ಅಂಕಿ ಬಿಟ್ಟು ಬರೀ ಹೊರಗೆರೆಯ ಅಂಕಿ ಬರೆಯಿರಿ, ಪ್ರತಿ ಅಪ್‌ಡೇಟ್‌ನಲ್ಲೂ ಎಲ್ಲವನ್ನೂ ಕೆಲವು ಪಿಕ್ಸೆಲ್ ಆಚೀಚೆ ಸರಿಸಿ, ಅಂಚಿನ 10 ಪಿಕ್ಸೆಲ್ ಖಾಲಿ ಬಿಡಿ. ಲೋ ಬಿಟ್ ಅಂದರೆ ಬಣ್ಣದ ಛಾಯೆಗಳು ಸಿಗೋದಿಲ್ಲ, ಆ್ಯಂಟಿ ಅಲಿಯಾಸಿಂಗ್ (ನಡುವಿನ ಛಾಯೆಗಳಿಂದ ಅಂಚು ನಯ ಮಾಡೋದು) ಆಫ್ ಮಾಡಿ. ಕನ್ನಡ ಅಂಕಿ, ಒತ್ತಕ್ಷರ ಇದ್ದರೆ ತೆಳು ಫಾಂಟ್ ಇಲ್ಲಿ ಮುರಿದುಹೋಗುತ್ತೆ. ಸ್ವಲ್ಪ ದೊಡ್ಡ ಗಾತ್ರ ಇಡಿ. ಉರಿಯುವ ಪಿಕ್ಸೆಲ್ 15% ದಾಟಬಾರದು ಅನ್ನೋದು ವಾಚ್ ಫೇಸ್‌ಗಳಿಗೆ ಗೂಗಲ್ ಇಟ್ಟ ಮಿತಿ. ಆ್ಯಪ್‌ಗೂ ಅದೇ ಅಳತೆ ಇಟ್ಟುಕೊಳ್ಳಿ.

ದುಂಡು ಪರದೆಯ ಬಗ್ಗೆ ಒಂದು ಲೆಕ್ಕ ಅಷ್ಟೇ: ವೃತ್ತದೊಳಗೆ ಕೂರುವ ಚೌಕದ ಬದಿ, ವ್ಯಾಸದ 70.7%. ಪ್ರತಿ ಬದಿಗೆ 14.6% ಬಿಟ್ಟರೆ ಯಾವುದೂ ಕತ್ತರಿಸಿಹೋಗೋದಿಲ್ಲ.

ಕೈ ಎತ್ತಿದಾಗ ವಾಚ್ ಫೇಸ್ ಬರುವ ದೂರಿಗೆ ಆ್ಯಂಬಿಯೆಂಟ್ ಒಂದೇ ಸಾಲದು. ವೇರ್ ಒಎಸ್ 5ರಿಂದ, ಮಂಕು ಸ್ಥಿತಿಯಲ್ಲಿ ಸ್ವಲ್ಪ ಹೊತ್ತು ಕಳೆದ ಮೇಲೆ ಸಿಸ್ಟಮ್ ಆ್ಯಪನ್ನು ಹಿಂದಕ್ಕೆ ಸರಿಸುತ್ತೆ. ಆನ್‌ಗೋಯಿಂಗ್ ಆ್ಯಕ್ಟಿವಿಟಿ ಜೋಡಿಸಿ: ಫೋರ್‌ಗ್ರೌಂಡ್ ಸರ್ವೀಸ್‌ನ ನೋಟಿಫಿಕೇಷನ್‌ಗೆ ಸೆಟ್‌ಆನ್‌ಗೋಯಿಂಗ್ ನಿಜ ಮಾಡಿ, ಸ್ಥಿರ ಐಕಾನ್ ಮತ್ತು ಟಚ್ ಇಂಟೆಂಟ್ ಕೊಟ್ಟು, ನೋಟಿಫಿಕೇಷನ್ ಪ್ರಕಟಿಸುವ ಮೊದಲೇ ಅಪ್ಲೈ ಕರೆಯಿರಿ. ಕ್ರಮ ತಪ್ಪಿದರೆ ದೋಷವೂ ಕಾಣದು, ಐಕಾನೂ ಬಾರದು. ಸರಿಯಾದರೆ ವಾಚ್ ಫೇಸ್‌ನ ಕೆಳಗೆ ಐಕಾನ್ ಬರುತ್ತೆ, ಒಂದು ತಟ್ಟಿಗೆ ಟೈಮರ್. ಸ್ಟೇಟಸ್‌ನಲ್ಲಿ ಟೈಮರ್‌ಪಾರ್ಟ್‌ಗೆ ಎಲಾಪ್ಸ್ಡ್‌ರಿಯಲ್‌ಟೈಮ್‌ನ ಲೆಕ್ಕದಲ್ಲಿ ಕೊನೆಯ ಕ್ಷಣ ಕೊಟ್ಟರೆ ಎಣಿಸುವ ಕೆಲಸ ಸಿಸ್ಟಮ್‌ನದು.

ಆ್ಯಪಲ್ ವಾಚ್‌ನಲ್ಲಿ ಐಫೋನ್‌ನಂಥ ಐಡಲ್ ಟೈಮರ್ ಸ್ವಿಚ್ ಇಲ್ಲವೇ ಇಲ್ಲ, ಹುಡುಕಬೇಡಿ. ಸದಾ ಬೆಳಗುವ ಪರದೆ 2019ರ ಸೀರೀಸ್ 5ರಿಂದ ಇದೆ, ನಮ್ಮಂಥವರ ಆ್ಯಪ್‌ಗಳಿಗೆ ಅದು ತೆರೆದದ್ದು ವಾಚ್‌ಒಎಸ್ 8ರಲ್ಲಿ. ಸ್ವಿಫ್ಟ್‌ಯುಐನಲ್ಲಿ ಈಸ್‌ಲ್ಯೂಮಿನನ್ಸ್‌ರೆಡ್ಯೂಸ್ಡ್ ನೋಡಿ ಸರಳ ಪುಟ ತೋರಿಸಿ, ಟೈಮ್‌ಲೈನ್‌ವ್ಯೂ ಕೊಡುವ ಕೇಡೆನ್ಸ್ (ಪುಟ ಬದಲಾಗುವ ವೇಗ) ನಿಮಿಷದ್ದಾಗಿದ್ದರೆ ಸೆಕೆಂಡ್ ಅಡಗಿಸಿ, ಖಾಸಗಿ ಅಂಕಿಗಳಿಗೆ ಪ್ರೈವಸಿಸೆನ್ಸಿಟಿವ್ ಹಚ್ಚಿ. ಆ್ಯಪ್ ಓಡುತ್ತಲೇ ಇರಲು, ನಿಜವಾದ ವ್ಯಾಯಾಮವಾದ್ದರಿಂದ, ಎಚ್‌ಕೆವರ್ಕ್‌ಔಟ್‌ಸೆಷನ್. ವ್ಯಾಯಾಮವಲ್ಲದ ಟೈಮರ್‌ಗೆ ಡಬ್ಲ್ಯುಕೆಎಕ್ಸ್‌ಟೆಂಡೆಡ್‌ರನ್‌ಟೈಮ್‌ಸೆಷನ್: ಸೆಲ್ಫ್ ಕೇರ್‌ಗೆ 10 ನಿಮಿಷ, ಮೈಂಡ್‌ಫುಲ್‌ನೆಸ್ ಮತ್ತು ಫಿಸಿಕಲ್ ಥೆರಪಿಗೆ 1 ಗಂಟೆ, ಸ್ಮಾರ್ಟ್ ಅಲಾರಂಗೆ 30 ನಿಮಿಷ. ಅವಧಿ ಮುಗಿಯುವ ಮುನ್ನ ಡೆಲಿಗೇಟ್‌ಗೆ ಎಚ್ಚರಿಕೆ ಬರುತ್ತೆ, ಸ್ಥಿತಿ ಉಳಿಸಲು ಅದೇ ಜಾಗ.

ಝೆಪ್ ಒಎಸ್‌ನವರಿಗೆ (ಅಮೇಜ್‌ಫಿಟ್ ವಾಚ್‌ಗಳ ವ್ಯವಸ್ಥೆ): ಡಿಸ್ಪ್ಲೇ ಮಾಡ್ಯೂಲ್‌ನಲ್ಲಿ ಮೂರೂ ಕೀಲಿ ಬಿಡಿಬಿಡಿಯಾಗಿವೆ. ಸೆಟ್‌ಪೇಜ್‌ಬ್ರೈಟ್‌ಟೈಮ್ ಆ ಪುಟ ಎಷ್ಟು ಹೊತ್ತು ಬೆಳಗಬೇಕು ಅನ್ನೋದಕ್ಕೆ (ಮಿಲಿಸೆಕೆಂಡ್ ಲೆಕ್ಕ, 60 ಅಂತ ಕೊಟ್ಟು ಪರದೆ ನಿಲ್ಲುತ್ತಿಲ್ಲ ಅನ್ನಬೇಡಿ, 60000 ಕೊಡಿ), ಪಾಜ್‌ಡ್ರಾಪ್‌ರಿಸ್ಟ್‌ಸ್ಕ್ರೀನ್‌ಆಫ್ ಕೈ ಇಳಿಸಿದಾಗ ಆರದಿರಲು, ಸೆಟ್‌ವೇಕ್‌ಅಪ್‌ರೀಲಾಂಚ್ ಎಚ್ಚರವಾದಾಗ ವಾಚ್ ಫೇಸ್ ಬದಲು ಆ್ಯಪ್ ಬರಲು. ಕೊನೆಯದರ ಹೆಸರೇ ಹೇಳುವಂತೆ ಅದು ಮರುಪ್ರಾರಂಭ. ಪುಟ ಮತ್ತೆ ಕಟ್ಟಲ್ಪಡುತ್ತೆ, ಮೆಮೊರಿಯಲ್ಲಿದ್ದ ವೇರಿಯಬಲ್‌ಗಳು ಹೋಗಿರುತ್ತವೆ. ಶುರುವಿನ ಕ್ಷಣವನ್ನು ಫೈಲ್‌ಗೆ ಬರೆದಿಟ್ಟು ಆನ್‌ಇನಿಟ್‌ನಲ್ಲಿ ಓದಿ. ಪುಟ ಬಿಡುವಾಗ ರೀಸೆಟ್ ಕರೆಗಳನ್ನು ಆನ್‌ಡಿಸ್ಟ್ರಾಯ್‌ನಲ್ಲಿ ಹಾಕಿ.

ಪರೀಕ್ಷೆ ಮಾಡುವಾಗ ಕೇಬಲ್ ನಿಮಗೆ ಸುಳ್ಳು ಹೇಳುತ್ತೆ. ಡೆವಲಪರ್ ಆಯ್ಕೆಗಳಲ್ಲಿ "ಸ್ಟೇ ಅವೇಕ್" ಆನ್ ಇದ್ದರೆ ಚಾರ್ಜ್ ಆಗುತ್ತಿರುವಾಗ ಪರದೆ ಆರೋದೇ ಇಲ್ಲ, ಯುಎಸ್‌ಬಿಗೆ ಜೋಡಿಸಿದ ಫೋನ್ ಡೋಜ್‌ಗೂ ಹೋಗೋದಿಲ್ಲ. ಅದನ್ನು ಆಫ್ ಮಾಡಿ, ಎಡಿಬಿ ಶೆಲ್‌ನಲ್ಲಿ (ಕಂಪ್ಯೂಟರ್‌ನಿಂದ ಫೋನ್‌ಗೆ ಆದೇಶ ಕೊಡುವ ಸಾಧನ) ಡಂಪ್‌ಸಿಸ್ ಬ್ಯಾಟರಿ ಅನ್‌ಪ್ಲಗ್ ಕೊಡಿ, ಪರದೆ ಆರಿಸಿ, ಆಮೇಲೆ ಡಂಪ್‌ಸಿಸ್ ಡಿವೈಸ್‌ಐಡಲ್ ಫೋರ್ಸ್‌ಐಡಲ್ (ಫೋರ್ಸ್ ಮತ್ತು ಐಡಲ್ ನಡುವೆ ಅಡ್ಡಗೆರೆ). ಈ ಸ್ಥಿತಿಯಲ್ಲಿ 3 ಸುತ್ತು ವೈಬ್ರೇಷನ್ ಸರಿಯಾಗಿ ಬಂದರೆ ಸರ್ವೀಸ್ ಸರಿಯಿದೆ. ವೇಕ್ ಲಾಕ್ ಸೋರಿಕೆ ನೋಡಲು ಟೈಮರ್ ನಿಲ್ಲಿಸಿ ಡಂಪ್‌ಸಿಸ್ ಪವರ್ ಓದಿ, ವೇಕ್ ಲಾಕ್‌ಗಳ ಪಟ್ಟಿಯಲ್ಲಿ ನಿಮ್ಮ ಟ್ಯಾಗ್ ಇರಬಾರದು. ಪರದೆ ಆರಿಸಲು ಕೀಇವೆಂಟ್ 223, ಎಬ್ಬಿಸಲು 224. ವಾಚನ್ನು ಚಾರ್ಜರ್‌ನಿಂದ ಇಳಿಸಿ ವೈಫೈ ಮೂಲಕ ಎಡಿಬಿ ಜೋಡಿಸಿ, ಕೈಗೆ ಕಟ್ಟಿಕೊಂಡು ನೋಡಿ. ಮೇಜಿನ ಮೇಲೆ ಮಲಗಿಸಿದ ವಾಚ್‌ನಲ್ಲಿ ಕೈ ಇಳಿಸುವ ಸಂದರ್ಭವೇ ಬರೋದಿಲ್ಲ. ಮುಗಿದ ಮೇಲೆ ಫೋನ್‌ನಲ್ಲಿ ಡಿವೈಸ್‌ಐಡಲ್ ಅನ್‌ಫೋರ್ಸ್ ಮತ್ತು ಡಂಪ್‌ಸಿಸ್ ಬ್ಯಾಟರಿ ರೀಸೆಟ್ ಕೊಡೋದು ಮರೆಯಬೇಡಿ. ಇಲ್ಲದಿದ್ದರೆ ಕೇಬಲ್ ಹಾಕಿದರೂ ಚಾರ್ಜ್ ಆಗುತ್ತಿಲ್ಲ ಅಂತಲೇ ಫೋನ್ ತೋರಿಸುತ್ತಿರುತ್ತೆ.