ಬಾಟಲಿಗೆ ಹಾಕುವ ಕಾರ್ಕ್ ಎಲ್ಲಿಂದ ಬರುತ್ತದೆ? ಅದಕ್ಕಾಗಿ ಮರ ಕಡಿಯುತ್ತಾರಾ?

ಇಲ್ಲ, ಕಡಿಯುವುದಿಲ್ಲ. ತೊಗಟೆ ಮಾತ್ರ ಸುಲಿಯುತ್ತಾರೆ. ಕಾರ್ಕ್ ಓಕ್ ಅನ್ನುವ ಈ ಮರ ಮೆಡಿಟರೇನಿಯನ್ ಸೀಮೆಯದು. ಜಗತ್ತಿನ ಕಾರ್ಕಿನಲ್ಲಿ ಸುಮಾರು ಅರ್ಧ ಪೋರ್ಚುಗಲ್ ಒಂದರಿಂದಲೇ ಬರುತ್ತದೆ. ನೆಟ್ಟವರಿಗೆ ತಾಳ್ಮೆ ಜಾಸ್ತಿ ಬೇಕು: ಮೊದಲ ಸಲ ಸುಲಿಯೋಕೇ ಸುಮಾರು 25 ವರ್ಷ, ಆಮೇಲೆ 9 ವರ್ಷಕ್ಕೊಮ್ಮೆ, ಅದರಲ್ಲೂ ವೈನ್ ಬಾಟಲಿಗೆ ಆಗುವಂಥ ನಯವಾದ ಕಾರ್ಕ್ ಸಿಗುವುದು ಮೂರನೇ ಸಲ, ಅಂದರೆ ಮರಕ್ಕೆ 40 ದಾಟಿದ ಮೇಲೆ. ಬೇಸಿಗೆಯಲ್ಲಿ ಕೊಡಲಿ ಹಿಡಿದು ಹುಷಾರಾಗಿ ಬಿಡಿಸುತ್ತಾರೆ. ಒಳಪದರಕ್ಕೆ ಏಟು ಬಿದ್ದರೆ ಅಲ್ಲಿ ಹೊಸ ತೊಗಟೆ ಸರಿಯಾಗಿ ಬೆಳೆಯುವುದಿಲ್ಲ. ಸುಲಿದ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಣ್ಣದಲ್ಲಿ ಬರೆದಿಡುತ್ತಾರೆ, ಲೆಕ್ಕ ತಪ್ಪಬಾರದು ಅಲ್ವಾ! ಮೊದಲ ಸಲದ ಒರಟು ಕಾರ್ಕನ್ನೂ ಸುಮ್ನೆ ಎಸೆಯುವುದಿಲ್ಲ, ಪುಡಿ ಮಾಡಿ ನೆಲಹಾಸು, ಶಾಖ ತಡೆಯುವ ಹಲಗೆ ಮಾಡುತ್ತಾರೆ. ಕ್ರಿಕೆಟ್ ಚೆಂಡಿನ ಒಳಗಿರುವುದೂ ಒಳ್ಳೆಯ ಶಟಲ್‌ಕಾಕ್‌ನ ಬುಡವೂ ಇದೇ.