ರಾತ್ರಿ ಬೆವರಿಗೆ ಯಾವ ಬಟ್ಟೆಯ ನೈಟಿ? ಮೊದಲು ಮನೆಯಲ್ಲಿರುವುದರ ಮೇಲೆ ಒಂದು ಹನಿ ನೀರು ಹಾಕಿ ನೋಡಿ

ರಾತ್ರಿ ತುಂಬ ಬೆವರುತ್ತದೆ, ನೈಟಿಗೆ ರೇಷ್ಮೆಯೋ, ಬಿದಿರಿನ ಬಟ್ಟೆಯೋ, ಜಿಮ್‌ಗೆ ಹಾಕಿಕೊಳ್ಳುವಂಥ ಬಟ್ಟೆಯೋ ಎಂದು ಕೇಳಿದ್ದೀರಿ. ಹತ್ತಿ ನೈಟಿ ಹಾಕಿ ನೋಡಿಯಾಯಿತು, ಪ್ರಯೋಜನವಿಲ್ಲ ಎಂದೂ ಬರೆದಿದ್ದೀರಿ. ಆ ಸಾಲು ಓದಿ ನನಗೆ ನಗು ಬಂತು, ಬೇಸರ ಮಾಡಿಕೊಳ್ಳಬೇಡಿ. 2019ರ ಬೇಸಿಗೆಯಲ್ಲಿ ನಾನೂ ಇದೇ ಮಾತು ಹೇಳಿಕೊಂಡು ಉಡುಪಿಯ ಬಟ್ಟೆ ಅಂಗಡಿಗಳ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. ತಪ್ಪು ಹತ್ತಿಯದಾಗಿರಲಿಲ್ಲ, ಪೂರ್ತಿ ನನ್ನದೇ.

ಆಗ ನನಗೆ 48, ಮುಟ್ಟು ನಿಲ್ಲುವ ಕಾಲ. ಮುಟ್ಟು ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಎಂದು ಹಳಿ ತಪ್ಪಿತ್ತು. ರಾತ್ರಿ ಎರಡೂವರೆ ಸುಮಾರಿಗೆ ಎದೆಯ ನಡುವಿನಿಂದ ಒಂದು ಕಾವು ಎದ್ದು ಕತ್ತು, ಕಿವಿ, ನೆತ್ತಿಗೆ ಏರುತ್ತಿತ್ತು. ಐದು ನಿಮಿಷದಲ್ಲಿ ಬೆನ್ನು ತೊಯ್ದು ನೈಟಿ ಮೈಗೆ ಅಂಟುತ್ತಿತ್ತು. ಅದರ ಬೆನ್ನಿಗೇ ಚಳಿ. ಏಪ್ರಿಲ್ ತಿಂಗಳ ಉಡುಪಿಯಲ್ಲಿ ಒಬ್ಬಳು ಚಳಿಯೆಂದು ನಡುಗುತ್ತಾಳೆಂದರೆ ಯಾರು ನಂಬುತ್ತಾರೆ? ನನ್ನ ಯಜಮಾನರಂತೂ ನಂಬಲಿಲ್ಲ. ಫ್ಯಾನ್ ಜೋರು ಮಾಡಿ ಎನ್ನುವವಳೂ ನಾನೇ, ಹತ್ತು ನಿಮಿಷ ಕಳೆದು ಆರಿಸಿ ಎನ್ನುವವಳೂ ನಾನೇ. ಮೂರನೆಯ ವಾರ ಅವರು ಚಾಪೆ ಸುತ್ತಿಕೊಂಡು ಚಾವಡಿಗೆ ಹೋದರು.

ನಾನು ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು, ಹಾಗಾಗಿ ಆ ವರ್ಷದ ಖರ್ಚು ಇಂದಿಗೂ ನನ್ನ ಡೈರಿಯಲ್ಲಿದೆ. ಹತ್ತಿಯ ನಾಲ್ಕು ನೈಟಿ, 2,200 ರೂಪಾಯಿ. ಅವು ಒಂದು ತಿಂಗಳು ಚೆನ್ನಾಗಿಯೇ ಇದ್ದವು, ಆಮೇಲೆ ಬೆವರು ನಿಲ್ಲದಾಯಿತು. ಹತ್ತಿ ಸರಿಯಿಲ್ಲ ಎಂದುಕೊಂಡು ‘ರೇಷ್ಮೆಯಂಥ’ ಸ್ಯಾಟಿನ್ ಎರಡು, 1,800. ಸ್ಯಾಟಿನ್ ಎಂಬುದು ನೂಲಿನ ಹೆಸರಲ್ಲ, ನೇಯ್ಗೆಯ ಹೆಸರು ಎಂದು ನನಗೆ ಆಗ ಗೊತ್ತಿರಲಿಲ್ಲ. ಒಳಗೆ ಇದ್ದದ್ದು ಪಾಲಿಯೆಸ್ಟರ್. ಅದನ್ನು ಹಾಕಿಕೊಂಡು ಮಲಗುವುದೂ ಒಂದೇ, ಹಾಲಿನ ಪ್ಯಾಕೆಟ್ಟಿನೊಳಗೆ ಮಲಗುವುದೂ ಒಂದೇ. ಕೊನೆಗೆ ಬಿದಿರಿನದು ಎರಡು, 3,200. ಒಟ್ಟು 7,200 ರೂಪಾಯಿ, ಮತ್ತು ಬೆನ್ನು ಮೊದಲಿನಷ್ಟೇ ಒದ್ದೆ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಬೆವರಿದ ಬಟ್ಟೆಯ ಹುಳಿ ವಾಸನೆ ನನಗೆ ಆಗುವುದಿಲ್ಲ. ವಾಷಿಂಗ್ ಮೆಷಿನ್‌ನಲ್ಲಿ ಕೊನೆಯ ನೀರಿಗೆ ಹಾಕುವ, ಬಟ್ಟೆ ಮೆತ್ತಗಾಗಿ ಘಮಘಮಿಸುವಂತೆ ಮಾಡುವ ನೀಲಿ ದ್ರವ ಇದೆಯಲ್ಲ, ಅದನ್ನು ತಂದೆ. ಒಂದು ಮುಚ್ಚಳ ಹಾಕಿ ಎಂದು ಬರೆದಿತ್ತು, ನಾನು ಎರಡು ಹಾಕಿದೆ. ಮೆತ್ತಗಿದ್ದಷ್ಟೂ ಮೈಗೆ ತಂಪು ಎಂಬ ನಂಬಿಕೆ. ಬೆವರು ಹೆಚ್ಚಾಯಿತು, ವಾಸನೆಯೂ ಹೆಚ್ಚಾಯಿತು, ಮುಚ್ಚಳ ಮೂರಾಯಿತು. ನೈಟಿ ಹೂವಿನಂತೆ ಮೆತ್ತಗಾಯಿತು. ಆದರೆ ಮೈಮೇಲಿನ ನೀರು ಬಟ್ಟೆಗೆ ಹೋಗದೆ ಬಟ್ಟೆಗೂ ಬೆನ್ನಿಗೂ ನಡುವೆ ಹರಿಯುತ್ತಿತ್ತು. ಬೆವರೇ ಹೆಚ್ಚಾಗಿದೆ ಎಂದು ನಾನು ತಿಳಿದೆ. ಬಟ್ಟೆ ಕುಡಿಯುವುದನ್ನು ನಿಲ್ಲಿಸಿದೆ ಎಂದು ಹೊಳೆಯಲೇ ಇಲ್ಲ.

ಅದನ್ನು ಕಂಡುಹಿಡಿದದ್ದು ನಾನಲ್ಲ, ಮನೆಕೆಲಸಕ್ಕೆ ಬರುತ್ತಿದ್ದ ಅಕ್ಕ. ಹೊಲಿಗೆ ಬಿಟ್ಟ ಒಂದು ನೈಟಿಯನ್ನು ಹರಿದು ನೆಲ ಒರೆಸಲು ಕೊಟ್ಟಿದ್ದೆ. ಎರಡನೆಯ ದಿನವೇ ಅದನ್ನು ತಂದು ನನ್ನ ಮುಂದೆ ಹಿಡಿದು, “ಅಮ್ಮ, ಇದು ನೆಲಕ್ಕೂ ಆಗುವುದಿಲ್ಲ. ನೀರನ್ನು ಆಚೆಗೆ ಈಚೆಗೆ ದೂಡುತ್ತದೆ, ಅಷ್ಟೆ” ಎಂದರು. ನಾನು ಅಲ್ಲೇ ನಿಂತು ಅದರ ಮೇಲೆ ಒಂದು ಹನಿ ನೀರು ಹಾಕಿದೆ. ಕೆಸುವಿನೆಲೆಯ ಮೇಲೆ ನಿಂತಂತೆ ಗುಂಡಗೆ ನಿಂತಿತು. ಪಕ್ಕದಲ್ಲಿ ಅತ್ತೆಯವರ ಹಳೆಯ ಬೈರಾಸಿನ, ಅಂದರೆ ಮೈ ಒರೆಸುವ ಬಟ್ಟೆಯ ಮೇಲೆ ಇನ್ನೊಂದು ಹನಿ ಹಾಕಿದೆ. ಬಿದ್ದದ್ದೇ ಕಾಣೆ.

ಆಮೇಲೆ ಓದಿ ತಿಳಿದುಕೊಂಡೆ. ಈ ದ್ರವಗಳಲ್ಲಿರುವುದು ಜಿಡ್ಡಿನ ಜಾತಿಯ ಅಣುಗಳು. ಅವುಗಳ ಒಂದು ತುದಿಗೆ ಧನ ವಿದ್ಯುದಂಶ ಇರುತ್ತದೆ. ನೀರಿನಲ್ಲಿ ನೆನೆದ ಹತ್ತಿಗೆ ಇರುವುದು ಋಣಾಂಶ. ಹಾಗಾಗಿ ಆ ತುದಿ ಹತ್ತಿಯ ಎಳೆಗೆ ಕಚ್ಚಿಕೊಳ್ಳುತ್ತದೆ, ಜಿಡ್ಡಿನ ಬಾಲ ಹೊರಗೆ ಉಳಿಯುತ್ತದೆ. ಕೈಗೆ ಮೆತ್ತಗೆ ತಾಗುವುದು ಆ ಜಿಡ್ಡೇ. ನೀರನ್ನು ದೂರ ಇಡುವುದೂ ಅದೇ. ಕೊನೆಯ ನೀರಿಗೆ ಹಾಕುವುದರಿಂದ ಮತ್ತೆ ಜಾಲಿಸುವುದಿಲ್ಲ, ಒಗೆತದಿಂದ ಒಗೆತಕ್ಕೆ ಪದರ ಕೂಡುತ್ತ ಹೋಗುತ್ತದೆ. ಸಾಧಾರಣ ಗಾಳಿಯಲ್ಲಿಯೇ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ತೇವವನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ, ರೇಷ್ಮೆ ಸುಮಾರು 11. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಇಲ್ಲ. ಅಂಥ ಹತ್ತಿಯ ಎಳೆಗೆ ನಾನು ದುಡ್ಡು ಕೊಟ್ಟು ಎಣ್ಣೆ ಹಚ್ಚಿ, ಅದು ಬೆವರು ಹೀರುವುದಿಲ್ಲವೆಂದು ಸ್ಯಾಟಿನ್ ತಂದೆ. ಆ ಸ್ಯಾಟಿನ್‌ಗೂ ಅದೇ ದ್ರವ, ಬಿದಿರಿಗೂ ಅದೇ ದ್ರವ. ಪಾಪ, ಬಿದಿರು ಏನು ಮಾಡಿತ್ತು?

ಹಳೆಯ ಮೂರು ನೈಟಿಗಳನ್ನು ಬಿಸಿನೀರು ಮತ್ತು ವಾಷಿಂಗ್ ಸೋಡಾದಲ್ಲಿ ನೆನೆಸಿ ಒಗೆದೆ. ಒಂದು ಸಲಕ್ಕೆ ಹೋಗಲಿಲ್ಲ, ನಾಲ್ಕು ಒಗೆತ ಬೇಕಾಯಿತು. ಐದನೆಯ ಸಲ ಹನಿ ಹಾಕಿದಾಗ ನೀರು ಇಂಗಿತು. ಬೆವರು ಅಂದೂ ಬಂತು. ಆದರೆ ಅಂದು ರಾತ್ರಿ ನಾನು ಮತ್ತೆ ನಿದ್ದೆ ಹೋದೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಯಾವ ಬಟ್ಟೆ ಕೊಳ್ಳಲಿ ಎಂದು ಕೇಳುವ ಮೊದಲು ಇರುವ ಹತ್ತಿಗೆ ಏನು ಮಾಡಿದ್ದೀರಿ ಎಂದು ನೋಡಿಕೊಳ್ಳಿ. ಹೊಸದಾಗಿದ್ದರೆ ಅದರಲ್ಲಿ ಇನ್ನೂ ಗಂಜಿ ಇರಬಹುದು, ಎರಡು ಮೂರು ಸಲ ಒಗೆಯದೆ ಹೊಸ ಹತ್ತಿ ಸರಿಯಾಗಿ ನೀರು ಕುಡಿಯುವುದಿಲ್ಲ. ಅಥವಾ ಅಂಗಡಿಯವರು ‘ಪ್ಯೂರ್’ ಎಂದು ಕೊಟ್ಟದ್ದು ಬೆರಕೆ ಇರಬಹುದು. ಅಂಚಿನಿಂದ ಒಂದು ನೂಲು ಎಳೆದು ಸುಟ್ಟು ನೋಡಿ: ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಬಿದಿರಿನ ಬಗ್ಗೆ ಆಸೆ ಇದ್ದರೆ ಇಷ್ಟು ತಿಳಿದಿರಲಿ. ಆ ಹೆಸರಿನಲ್ಲಿ ಮಾರುವುದು ಬಹುಮಟ್ಟಿಗೆ ವಿಸ್ಕೋಸ್, ಅಂದರೆ ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಎಳೆದ ನೂಲು. ಹತ್ತಿಗಿಂತ ಹೆಚ್ಚೇ ಹೀರುತ್ತದೆ, ಸುಳ್ಳಲ್ಲ. ಆದರೆ ಒದ್ದೆಯಾದಾಗ ಭಾರವಾಗಿ ಜೋತುಬಿದ್ದು ಮೈಗೆ ಅಂಟುತ್ತದೆ, ನೆನೆದಾಗ ಅದರ ಎಳೆಯ ಬಲವೂ ಕುಗ್ಗುತ್ತದೆ. ನಿಜವಾದ ರೇಷ್ಮೆ ಒಳ್ಳೆಯದೇ. ಆದರೆ ದಿನ ಬಿಟ್ಟು ದಿನ ಬೆವರಿನಲ್ಲಿ ನೆನೆದು ಒಗೆಯಬೇಕಾದ ಬಟ್ಟೆ ರೇಷ್ಮೆಯಾದರೆ ನಿಮ್ಮ ನಿದ್ದೆ ಇನ್ನೊಂದು ಚಿಂತೆಯಲ್ಲಿ ಹೋಗುತ್ತದೆ. ಜಿಮ್ ಬಟ್ಟೆ ಬೇಗ ಒಣಗುತ್ತದೆ, ಅಷ್ಟು ಒಪ್ಪುತ್ತೇನೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದು ಸಣ್ಣ ಗುಣವಲ್ಲ. ಆದರೆ ಪಾಲಿಯೆಸ್ಟರ್ ಬೆವರಿನ ವಾಸನೆಯನ್ನು ಬಿಟ್ಟುಕೊಡುವುದಿಲ್ಲ, ನನ್ನ ಮೂಗಿಗೆ ಅದು ಸಾಧ್ಯವೇ ಇಲ್ಲ.

ನಾನು ಈಗ ಹಾಕಿಕೊಳ್ಳುವುದು ಅತ್ತೆಯವರ ಹಳೆಯ ಉಡುಪಿ ಸೀರೆಗಳಿಂದ ಹೊಲಿಸಿದ ನೈಟಿ. 2016ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕ ಕೈಮಗ್ಗದ ಸೀರೆ ಅದು, ಕತ್ತರಿ ಹಾಕುವಾಗ ದರ್ಜಿ ನನ್ನನ್ನು ಕೊಲೆಗಾರ್ತಿಯಂತೆ ನೋಡಿದ. ಇಪ್ಪತ್ತು ವರ್ಷ ಒಗೆಸಿಕೊಂಡ ಹತ್ತಿ ಹೀರುವ ಹಾಗೆ ಯಾವ ಹೊಸ ಬಟ್ಟೆಯೂ ಹೀರುವುದಿಲ್ಲ. ಒಂದು ಸೀರೆಯಲ್ಲಿ ಎರಡು ನೈಟಿ. ಮುಂದೆ ಹೊಟ್ಟೆಯವರೆಗೆ ಗುಂಡಿ, ಕತ್ತು ಅಗಲ, ಎಲ್ಲಿಯೂ ಎಲಾಸ್ಟಿಕ್ ಬೇಡ, ಎದೆಗೆ ಅಸ್ತರು ಬೇಡವೇ ಬೇಡ. ಹಳೆಯ ಸೀರೆ ಇಲ್ಲದಿದ್ದರೆ ತೆಳುವಾದ ಮಲ್‌ಮಲ್ ತೆಗೆದುಕೊಳ್ಳಿ. ಬನಿಯನ್ ಬಟ್ಟೆಯದು ಬೇಡ, ಒದ್ದೆಯಾದರೆ ಚರ್ಮದಂತೆ ಅಂಟುತ್ತದೆ. ನೇಯ್ದ ಬಟ್ಟೆ ಮೈಯಿಂದ ಕೊಂಚ ದೂರ ನಿಲ್ಲುತ್ತದೆ, ಗಾಳಿಗೆ ಅಷ್ಟು ಜಾಗ ಸಾಕು.

ಹತ್ತಿಗೂ ಒಂದು ದೋಷ ಇದೆ: ಹೀರಿದ್ದನ್ನು ಬೇಗ ಬಿಡುವುದಿಲ್ಲ. ಕಲಬುರಗಿಯಲ್ಲಿರುವ ನನ್ನ ತಂಗಿಗೆ ಇದು ಸಮಸ್ಯೆಯೇ ಅಲ್ಲ, ಅಲ್ಲಿನ ಒಣ ಗಾಳಿಯಲ್ಲಿ ಒದ್ದೆ ನೈಟಿಯೇ ಅವಳಿಗೆ ತಂಪು. ಇಲ್ಲಿ ಗಾಳಿಯೇ ಒದ್ದೆ, ನೈಟಿ ಬೆಳಗಿನವರೆಗೂ ಹಾಗೆಯೇ ಇರುತ್ತದೆ. ಅದಕ್ಕೆ ಮಂಚದ ಪಕ್ಕದ ಕುರ್ಚಿಯ ಮೇಲೆ ಇನ್ನೊಂದು ನೈಟಿ, ಒಂದು ಬೈರಾಸು ಮಡಚಿಟ್ಟು ಮಲಗುತ್ತೇನೆ. ದೀಪ ಹಾಕದೆ ಬದಲಾಯಿಸಿ, ದಿಂಬಿನ ಮೇಲೆ ಬೈರಾಸು ಹಾಸಿ ಮಲಗಿದರೆ ಮುಗಿಯಿತು. ಒಂದು ದುಬಾರಿ ನೈಟಿಗಿಂತ ಎರಡು ಅಗ್ಗದವು ಮೇಲು. ಇದರಲ್ಲಿ ನನ್ನೊಡನೆ ವಾದಕ್ಕೆ ಬರಬೇಡಿ.

‘ವೈದ್ಯರ ಬಳಿ ಹೋಗುವಷ್ಟು ದೊಡ್ಡ ವಿಷಯವಲ್ಲ’ ಎಂದಿದ್ದೀರಿ. ಹೋಗಿ. ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನ್ ಏರಿಳಿದಾಗ ಮೆದುಳಿನ ತಾಪ ನೋಡಿಕೊಳ್ಳುವ ಭಾಗ ಚೂರು ಬಿಸಿಗೂ ಗಾಬರಿಯಾಗಿ ಬೆವರು ಹರಿಸುತ್ತದೆ ಎಂದು ನನಗೆ ವೈದ್ಯೆ ವಿವರಿಸಿದ್ದರು, ಅದಕ್ಕೆ ಚಿಕಿತ್ಸೆಯೂ ಇದೆ ಎಂದಿದ್ದರು. ಆದರೆ ಎಲ್ಲ ಬೆವರೂ ಅದೇ ಅಲ್ಲ. ನನ್ನ ಓರಗಿತ್ತಿ ಮುಟ್ಟು ನಿಲ್ಲುವ ಕಾಲ ಎಂದು ಎಂಟು ತಿಂಗಳು ತಳ್ಳಿದಳು. ತೂಕ ಇಳಿಯುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಕೊನೆಗೆ ನೋಡಿದರೆ ಥೈರಾಯ್ಡ್ ಅತಿಯಾಗಿತ್ತು. ಕ್ಷಯದಲ್ಲಿಯೂ ರಾತ್ರಿ ಬೆವರುತ್ತದೆ, ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಬೆವರುತ್ತದೆ. ಜ್ವರ, ಕೆಮ್ಮು, ತೂಕ ಇಳಿಯುವುದು ಇವುಗಳಲ್ಲಿ ಯಾವುದಿದ್ದರೂ ನನ್ನ ಸೀರೆಯ ಕಥೆ ಬಿಟ್ಟು ನಾಳೆಯೇ ಹೊರಡಿ.

ಬಣ್ಣವನ್ನೂ ಕೇಳಿದ್ದೀರಿ. ಗಾಢ ಬಣ್ಣದ ಹೊಸ ಬಟ್ಟೆ ಬೆವರಿಗೆ ಬಣ್ಣ ಬಿಟ್ಟು ಹಾಸಿಗೆಯ ಬಟ್ಟೆಯನ್ನು ಹಾಳು ಮಾಡುತ್ತದೆ, ಬಿಳಿಯಲ್ಲಿ ಕಲೆ ಹಳದಿಯಾಗಿ ಕೂರುತ್ತದೆ. ಹಳೆಯ, ಬಣ್ಣ ಮಾಸಿದ, ಚಿಕ್ಕ ಚೌಕಳಿಯದು ಸಾಕು. ಯಜಮಾನರು ಚಾವಡಿಯಿಂದ ವಾಪಸು ಬಂದಿದ್ದಾರೆಯೇ ಎಂದು ಯಾರಾದರೂ ಕೇಳುವ ಮೊದಲು ಹೇಳಿಬಿಡುತ್ತೇನೆ, ಇಲ್ಲ. ಅಲ್ಲಿ ಗಾಳಿ ಚೆನ್ನಾಗಿದೆಯಂತೆ.